ಗೋರಜ ಮುಹೂರ್ತದ ಅರುಂಧತಿ

ದಾಳಿಂಬ, ತಾ. ಉಮರ್ಗಾ
ಶುಕ್ರವಾರ, 2 ಮೇ 2025

ಪ್ರೀತಿಯ ತಂಗಿ ಚಂದ್ರಭಾಗಾ,

ನಿನ್ನ ಮೊಣಕಾಲು ಹೇಗಿದೆ? ನಿಲಂಗಾದ ಈ ಬಿಸಿಲಿನಲ್ಲಿ ಮಠದ ಮೆಟ್ಟಿಲು ಹತ್ತಬೇಡವೆಂದು ಹೋದ ಸಲವೇ ಹೇಳಿದ್ದೆ, ನೀನೆಲ್ಲಿ ಕೇಳುತ್ತೀ. ನನ್ನ ಕೆಮ್ಮು ಇಳಿದಿದೆ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ಫೋನು ಹಿಡಿದರೆ ನಮ್ಮಿಬ್ಬರಿಗೂ ಮಳೆ-ಬಿಸಿಲಿನ ಮಾತೇ ಬಾಯಿಗೆ ಬರುತ್ತದೆ. ಅದಕ್ಕೆ ಬರೆಯುತ್ತಿದ್ದೇನೆ.

ಸೊಸೆ ಉಜ್ವಲಾಳದೊಂದು ವಿನಂತಿ ಇದೆ. ಅವಳ ಮಗಳು ಪ್ರಣಿತಾ ಮತ್ತು ನಿನ್ನ ಮೊಮ್ಮಗ ಗುರುದೇವನ ಲಗ್ನವನ್ನು ಬಿಸಿಲಿಗೆ ಹೆದರಿ, ದನ ಮನೆಗೆ ಮರಳುವ ಸಂಜೆ ಹೊತ್ತಿಗೆ, ಗೋರಜ ಮುಹೂರ್ತಕ್ಕೆ ಇಟ್ಟೆವಲ್ಲ, ಅದನ್ನು ಮಧ್ಯಾಹ್ನ ಹನ್ನೆರಡೂವರೆಗೆ ತರಬೇಕಂತೆ. ತಾರೀಖು ಹದಿನೆಂಟೇ ಇರಲಿ. ಕಾರಣ ಹೇಳದೆ ಕೇಳಿರಿ ಎಂದಿದ್ದಾಳೆ. ತಂಗಿಯಿಂದ ಮುಚ್ಚಿಟ್ಟು ನನಗೆ ರೂಢಿಯಿಲ್ಲ.

ನಲವತ್ತು ವರ್ಷ ಲಗ್ನ ಮಾಡಿಸಿದ್ದೇನೆ, ಎಲ್ಲವೂ ಹಗಲಿನವು. ಕೊನೆಗೆ ಮದುಮಕ್ಕಳನ್ನು ಮಂಟಪದ ಹೊರಗೆ ತಂದು, ಕಣ್ಣು ಕುಕ್ಕುವ ಬಿಸಿಲಿನಲ್ಲಿ ಉತ್ತರಕ್ಕೆ ಬೆರಳು ತೋರುತ್ತೇನೆ. "ಅರುಂಧತಿ ಕಂಡಳೇನವ್ವಾ?" "ಕಂಡಳ್ರೀ ಅಯ್ಯನವರ." ಯಾರಿಗೂ ಏನೂ ಕಂಡಿರುವುದಿಲ್ಲ, ಅಲ್ಲಿಗೆ ಎಲ್ಲರೂ ಊಟಕ್ಕೆ ಏಳುತ್ತಾರೆ. ನಿನ್ನ ಲಗ್ನದಲ್ಲಿ ನೀನು ದಕ್ಷಿಣಕ್ಕೆ ಮುಖ ಮಾಡಿ ಕಂಡಳು ಅಂದವಳು! ಈ ಸಲ ಸಂಜೆಯ ಲಗ್ನ, ನಿಜವಾದ ನಕ್ಷತ್ರವನ್ನೇ ತೋರಿಸಬಹುದೆಂಬ ಹಿಗ್ಗು ನನಗೆ. ಅಮಾವಾಸ್ಯೆಯ ರಾತ್ರಿ ಊಟಕ್ಕೆ ಮುಂಚೆ ಪ್ರಣಿತಾಳನ್ನು ಅಂಗಳಕ್ಕೆ ಕರೆದೆ. ಸಪ್ತರ್ಷಿಗಳ ಬಾಲದಲ್ಲಿ ತುದಿಯಿಂದ ಎರಡನೆಯದು ವಸಿಷ್ಠ, ಅವನಿಗೆ ಆತುಕೊಂಡ ಸಣ್ಣ ಚುಕ್ಕಿ ಅರುಂಧತಿ. ಬರಿಗಣ್ಣಿಗೆ ಎರಡೇ, ಆದರೆ ಅಲ್ಲಿರುವುದು ಒಟ್ಟು ಆರು, ಒಂದನ್ನೊಂದು ಬಿಡದೆ ಸುತ್ತುತ್ತವೆ ಎಂದು ನಾನು ಓದಿಕೊಂಡಿದ್ದನ್ನೆಲ್ಲ ಹೇಳಿದೆ. "ದೊಡ್ಡ ಸಂಸಾರ ಆತಲ್ಲ ಅಜ್ಜಾ, ಅಡಗಿ ಯಾರ ಮಾಡ್ತಾರ?" ಎಂದು ನಕ್ಕಳು. ಅವಳ ಮುಖ ಬೇವಿನ ಗಿಡದ ಕಡೆಗಿತ್ತು. ಗದ್ದ ಹಿಡಿದು ತಿರುಗಿಸಿದೆ. "ವಸಿಷ್ಠ ಬಿಡವ್ವಾ, ಯಾವದರೆ ಒಂದು ಚುಕ್ಕಿ ನನಗ ತೋರಸು" ಅಂದೆ. ಎತ್ತಿದ ಬೆರಳನ್ನು ಹಾಗೇ ಇಳಿಸಿದಳು. ಆಮೇಲೆ, "ಲಗ್ನದಾಗ ನೀವು ಬಟ್ಟ ಮಾಡಿ ತೋರಸ್ರಿ ಅಜ್ಜಾ, ನಾ ಕಂಡಳು ಅಂತೀನಿ. ಎಲ್ಲಾರೂ ಹಂಗೇ ಅಂತಾರಲ್ಲ" ಅಂದಳು.

ಕತ್ತಲಾದ ಮೇಲೆ ನಮ್ಮ ಹುಡುಗಿ ಆರು ವರ್ಷದಿಂದ ಹೆಜ್ಜೆ ಎಣಿಸಿ ನಡೆಯುತ್ತಿದ್ದಳು, ಚಂದ್ರಭಾಗಾ. ನನ್ನ ಕಣ್ಣೆದುರಿಗೇ. ಉಜ್ವಲಾಗೆ ಗೊತ್ತಿತ್ತು. ಮಂಗಳವಾರ ಸೋಲಾಪುರಕ್ಕೆ ಕರೆದೊಯ್ದು ಕಣ್ಣಿನ ಡಾಕ್ಟರಿಗೆ ತೋರಿಸಿದೆವು. ತಿರುಗಿ ಬರುವಾಗ ಬಸ್ಸಿನಲ್ಲಿ ಉಜ್ವಲಾ, "ಮಾವಾ, ಹಗಲಿನಾಗ ಸೂಜಿಗೆ ದಾರ ಪೋಣಸ್ತಾಳ್ರಿ ಆಕಿ. ಹಗಲ ಲಗ್ನ ಮಾಡಿ ಕೊಟ್ಟಬಿಡ್ರಿ, ಮುಂದ ಆಕಿ ನಸೀಬ" ಎಂದು ಸೆರಗು ಬಾಯಿಗೆ ಹಿಡಿದು ಅತ್ತಳು. ಅವಳು ತಾಯಿ, ಕೇಳಿದ್ದನ್ನು ಬರೆದಿದ್ದೇನೆ. ನಿನಗೆ ಹೇಗೆ ತೋರುತ್ತದೋ ಹಾಗೆ ಮಾಡು.

ನಿನ್ನ ಮನೆಯವರೆಲ್ಲರನ್ನೂ ಶಿವನು ತಂಪಾಗಿಟ್ಟಿರಲಿ. ನನ್ನ ಪರವಾಗಿ ಗುರುದೇವನ ತಲೆ ಸವರು.

ನಿನ್ನ ಅಣ್ಣ
ಚಿದಂಬರಯ್ಯ

ತಾ.ಕ.: ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ಪ್ರಣಿತಾ ಕಾಗದ ಕಸಿದುಕೊಂಡು ಬಾಗಿಲ ಬೆಳಕಿನಲ್ಲಿ ನಿಂತು ಓದಿದಳು. ಮೇಲೆ ಡಾಕ್ಟರಿಗೆ ತೋರಿಸಿದೆವು ಎಂಬ ಮಾತಿನ ಮುಂದೆ ಎರಡು ಸಾಲಿಗೆ ಮಸಿ ಬಳಿದಿದ್ದು ಅವಳೇ. ಔಷಧಿಯಿಂದ ಗುಣವಾಗುತ್ತದೆ ಎಂದು ಅಲ್ಲಿ ಬರೆದಿದ್ದೆ. ಔಷಧಿ ಇಲ್ಲ. ಇನ್ನು ಕೆಲವು ವರ್ಷಕ್ಕೆ ಹಗಲೂ ಕಾಣುವುದಿಲ್ಲವಂತೆ. ಇದು ರಕ್ತದಲ್ಲಿ ಬಂದದ್ದು, ಸಂಬಂಧದಲ್ಲೇ ಕೊಟ್ಟರೆ ಹುಟ್ಟುವ ಮಕ್ಕಳಿಗೂ ಬಂದೀತು ಎಂದು ಡಾಕ್ಟರು ಹೇಳಿದ್ದನ್ನು ನಾನು ಬರೆದೇ ಇರಲಿಲ್ಲ. "ಅದನ್ನೂ ಬರೀರಿ ಅಜ್ಜಾ. ಯಾವ ಮುಹೂರ್ತನೂ ಬ್ಯಾಡ ಅಂತ ಬರೀರಿ" ಎಂದು ಭುಜದ ಹತ್ತಿರವೇ ನಿಂತಿದ್ದಾಳೆ. ಬರೆದಿದ್ದೇನೆ. ಮಂಟಪದವನಿಗೆ ನೀನೇ ಹೇಳಿಬಿಡು ತಂಗೀ, ನನ್ನಿಂದ ಆಗದು.