ಮರದ ಕಡೆಯ ಕಿಟಕಿ

ಜೂನ್ ೧೧, ಬುಧವಾರ

ಮನೆ ನೋಡಲು ಬಂದಿದ್ದ ಟೀಚರಮ್ಮನ ಮಾತು ಇನ್ನೂ ತಲೆಯಲ್ಲೇ ಕೂತಿದೆ. ಬ್ರೋಕರ್ ಕೆಲಸದಲ್ಲಿ ಬಾಡಿಗೆ ಮನೆ ತೋರಿಸುವಾಗ ನನ್ನದೊಂದು ಪದ್ಧತಿ. ಅರ್ಧ ಗಂಟೆ ಮೊದಲೇ ಹೋಗಿ ಮರ ಕಾಣುವ ಕಿಟಕಿ ತೆರೆದಿಡುತ್ತೇನೆ. ಬಂದವರು ಹಸಿರು ನೋಡಿ ಗೋಡೆಯ ಬಿರುಕು ಮರೆಯುತ್ತಾರೆ. "ಮರ ತೋರಿಸಿ ಬಿರುಕು ಮುಚ್ಚೋ ಆಸಾಮಿ ನೀವು" ಎಂದು ನನ್ನವಳು ನಗುತ್ತಿದ್ದಳು.

"ಇಷ್ಟೊಂದು ಮರ ಇದ್ರೆ ಇರೋಕೆ ನಿಜವಾಗ್ಲೂ ಹಿತವಾಗಿರುತ್ತಾ?" ಎಂದರು ಟೀಚರಮ್ಮ. "ನಿಮ್ಮ ಮನೆ ಹತ್ರ ಇದೆಯಾ?"

"ಹದಿನೇಳು ಮರ" ಎಂದೆ. ಎಣಿಸಿದ್ದವಳು ನನ್ನವಳು. ಟೀಚರಮ್ಮ ಅದನ್ನೇ ಹೌದೆಂದುಕೊಂಡು ಮನೆ ಒಪ್ಪಿಬಿಟ್ಟರು.

ನಮ್ಮ ಮನೆಯ ಮರದ ಕಡೆಯ ಕಿಟಕಿ ಮುಚ್ಚಿದ್ದು ಅವಳು ತೀರಿಕೊಂಡ ದಿನ. ನಾಲ್ಕು ತಿಂಗಳಾಯಿತು. ದುಃಖಕ್ಕೆ ಅಂತಲೂ ಅಲ್ಲ. ತೆರೆಯಲು ಕೈ ಹೋಗಿರಲಿಲ್ಲ, ಅಷ್ಟೇ.

ಇವತ್ತು ಸಂಜೆ ಬಂದವನೇ ತೆರೆದೆ. ಚಿಲಕ ಬಿಗಿದುಕೊಂಡಿತ್ತು. ಮರಗಳು ಇದ್ದಲ್ಲೇ ಇದ್ದವು. ಗಾಳಿ ಬಂತು. ಹಿತವಾಗಿದೆಯೋ ಇಲ್ಲವೋ ತಿಳಿಯಲಿಲ್ಲ. ಅಭ್ಯಾಸಬಲ ನೋಡು, ಕಿಟಕಿ ತೆರೆದವನು ಪಕ್ಕಕ್ಕೆ ಸರಿದು, ನೋಡುವವರಿಗೆ ಜಾಗ ಬಿಟ್ಟು ನಿಂತೆ. ಅರ್ಧ ಗಂಟೆ ಹಾಗೇ ನಿಂತಿದ್ದೆ.