ಮೂಲೆ ಮುರಿದ ಬಿಲ್ಲೆ

ಬಟ್ಟೆ ಒಗೆಯುವ, ಒಗೆಸುವ, ಒಗೆದಂತೆ ನಟಿಸುವ ಸಮಸ್ತ ಮಹಾಜನರೇ, ಶಾಂತರಾಗಿ ಆಲಿಸಿ. ಈ ಪತ್ರ ನಿಮಗಲ್ಲ, ನನ್ನ ಅಕ್ಕನಿಗೆ. ಆದರೆ ಕೊಳೆ ನಿಮ್ಮದೂ ಇರುವುದರಿಂದ ಕಿವಿಗೊಟ್ಟರೆ ತಪ್ಪಿಲ್ಲ.

ಪ್ರೀತಿಯ ಅಕ್ಕಾ,

ನೀನು ಹಿತ್ತಲ ಶೆಡ್ಡಿನಲ್ಲಿ ನಾಲ್ವರು ಹೆಂಗಸರನ್ನು ಕಟ್ಟಿಕೊಂಡು ಹದಿನೆಂಟು ವರ್ಷ ಹಳದಿ ಸೋಪು ಮಾಡಿದೆ. ಅಚ್ಚಿನ ಒಂದು ಮೂಲೆ ಮೊದಲ ವರ್ಷವೇ ಜಜ್ಜಿಹೋಗಿತ್ತು. "ಹೊಸದು ಮಾಡಿಸೇ" ಎಂದು ನಾನು ಅಂದರೆ, ನೀನು "ಇರ್ಲಿ ಬಿಡೋ, ಮೂಲೆ ನೋಡಿದ್ರೆ ನಂದು ಅಂತ ಗೊತ್ತಾಗತ್ತೆ" ಅಂದಿದ್ದೆ. ಹೆಸರಿಲ್ಲದ ನಿನ್ನ ಸೋಪಿಗೆ ಆ ಮೂಲೆಯೇ ಹೆಸರಾಯಿತು. ಊರಿನ ಅರ್ಧ ಬಚ್ಚಲುಗಳಲ್ಲಿ ಅದೇ.

ಈಗ ಟೀವಿಯಲ್ಲಿ ಎರಡು ಅಂಗಿ. ಬಲಗಡೆಯದು ಆ ದೊಡ್ಡ ಕಂಪನಿಯ ಬಿಳಿ ಸೋಪಿನಲ್ಲಿ ಒಗೆದದ್ದು, ಫಳಫಳ. ಎಡಗಡೆಯದರ ಕಾಲರಿನಲ್ಲಿ ಕೊಳೆ, ಪಕ್ಕದಲ್ಲಿ ಮೂಲೆ ಮುರಿದ ಹಳದಿ ಬಿಲ್ಲೆ. "ಮೂಲೆ ಮುರುಕು ಬಿಲ್ಲೆ, ಕೊಳೆ ನಿಂತಲ್ಲೇ!" ಎಂಬ ಹಾಡು. ಪ್ರಾಸ ಚೊಕ್ಕವಾಗಿದೆ, ಹೊಟ್ಟೆ ಉರಿಸುವುದೂ ಅದೇ. ಹೆಸರು ಹೇಳಿಲ್ಲವಂತೆ, ಆದ್ದರಿಂದ ತಪ್ಪಿಲ್ಲವಂತೆ! ಮುಖಕ್ಕೆ ಮಸಿ ಬಳಿದು, ಹೆಸರು ಕೂಗಲಿಲ್ಲವೆಂಬ ಮರ್ಯಾದೆ ಬೇರೆ.

ಕಂಪನಿಯ ಮೇಲಿರುವ ಸಿಟ್ಟಿನ ಎರಡರಷ್ಟು ನನಗೆ ಜನರ ಮೇಲಿದೆ. ಹದಿನೆಂಟು ವರ್ಷ ಕೈಯಾರೆ ಒಗೆದವರು ಮೂವತ್ತು ಸೆಕೆಂಡಿನಲ್ಲಿ ತಮ್ಮ ಕೈಯನ್ನೇ ನಂಬದಾದರು. ಅಂಗಡಿಯವನು, "ಅಕ್ಕಾ, ನಿಮ್ ಸೋಪಲ್ಲಿ ಕೊಳೆ ಹೋಗ್ತಿತ್ತು, ಸುಳ್ಳು ಹೇಳಲ್ಲ. ಈಗ ಹೋಗಲ್ಲ ಅಂತಿದಾರೆ ಎಲ್ರೂ" ಎಂದು ಎರಡು ಪೆಟ್ಟಿಗೆ ವಾಪಸು ಕೊಟ್ಟನಲ್ಲ! ಅಮ್ಮನೋ, ನಿನ್ನ ಸೋಪಿನಲ್ಲೇ ಒಗೆದ ಬಟ್ಟೆ ತೊಟ್ಟು ಕೂತು, "ನಿಂದೂ ಚೆನ್ನಾಗೇ ಇದೆ ಕಣೇ, ಆದ್ರೂ ಅವ್ರು ಪಕ್ಕಪಕ್ಕ ಇಟ್ಟು ತೋರಿಸಿದ್ರಲ್ಲ" ಎಂದಳು.

ಸೋಮವಾರದಿಂದ ಶೆಡ್ಡು ಮುಚ್ಚುವುದಾಗಿ ಹೇಳಿ ನೀನು ಎದ್ದೆ. ಹೊಸ್ತಿಲಲ್ಲಿ ನಿಂತು ನನ್ನನ್ನು ಕೇಳಿದೆ: "ಅಷ್ಟು ದೂರದ ಕಂಪನಿಗೆ ನನ್ನ ಅಚ್ಚಿನ ಮೂಲೆ ಹೇಗೋ ಗೊತ್ತಾಯ್ತು?" ನಾನು ಫ್ಯಾನು ನೋಡಿದೆ.

ಮಹಾಜನರೇ, ಸಭೆ ಮುಗಿಯಿತು, ಎದ್ದು ಹೋಗಿ.

ಅಕ್ಕಾ, ಆ ಹಾಡು ಬರೆದವನು ನಾನು. "ನಿಮ್ಮೂರಲ್ಲಿ ಯಾವ ಸೋಪು ಓಡತ್ತೆ?" ಎಂದು ಕಂಪನಿಯವರು ನಮ್ಮ ಜಾಹೀರಾತು ಆಫೀಸಿನಲ್ಲಿ ಕೇಳಿದಾಗ, ನಮ್ಮ ಬಚ್ಚಲಿನ ಬಿಲ್ಲೆಯನ್ನು ಒಯ್ದು ಕೊಟ್ಟವನೂ ನಾನೇ. ಪ್ರಾಸ ಸಿಕ್ಕಿತಲ್ಲ ಎಂದು ಹಿಗ್ಗಿದೆ. ಎಡಗಡೆಯ ಅಂಗಿಗೆ ನಿನ್ನ ಸೋಪು ತಾಗಲೇ ಇಲ್ಲ, ಬರೀ ನೀರಿನಲ್ಲಿ ಅದ್ದಿ ಹಿಂಡಿದರು. ನಾನು ಅಲ್ಲೇ ನಿಂತು ನೋಡುತ್ತಿದ್ದೆ.

ಈ ಕಾಗದವನ್ನು ಅಂಗಡಿಯವನಿಗೆ ತೋರಿಸು, ಅಮ್ಮನಿಗೆ ಓದಿ ಹೇಳು, ಬೇಕಾದರೆ ಕೋರ್ಟಿಗೂ ಕೊಡು. ಕೆಳಗೆ ಸಹಿ ಹಾಕಿದ್ದೇನೆ. ನನ್ನನ್ನು ಕ್ಷಮಿಸದಿದ್ದರೂ ಸರಿ, ನಿನ್ನ ಒಲೆ ಆರದಿರಲಿ.

ಇಂತಿ, ನಿನ್ನ ಎದುರು ತಲೆಯೆತ್ತಲಾರದ
ತಮ್ಮ