ಮೊದಲ ಪಂಕ್ತಿಗೆ ನಾಲ್ಕು ಜನ

ಗೂಡಲೂರು,
೯ ಏಪ್ರಿಲ್ ೨೦೦೩

ರೂಪಶ್ರೀಯ ಅಪ್ಪನವರಿಗೆ, ಶೋಭಾ ಮಾಡುವ ನಮಸ್ಕಾರಗಳು.

ಕಾಗದ ನೋಡಿ ಗಾಬರಿಯಾಗಬೇಡಿ. ಇಲ್ಲಿ ಎಲ್ಲರೂ ಕ್ಷೇಮ. ನಿಮ್ಮ ಅಮ್ಮನ ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆ, ನಾಲಿಗೆ ಮಾತ್ರ ಇಲ್ಲ. ರೂಪಾಳ ಪರೀಕ್ಷೆ ಮುಂದಿನ ವಾರ ಮುಗಿಯುತ್ತದೆ. ಗುಂಡ್ಲುಪೇಟೆಯ ಮಂಡಿಗೆ ಫೋನು ಮಾಡೋಣವೆಂದರೆ ಪ್ರತಿ ಸಲವೂ ನಿಮ್ಮ ಅಣ್ಣನೇ ಎತ್ತುತ್ತಾರೆ. ಅವರ ಹತ್ತಿರ ಅಕ್ಕಿಯ ರೇಟು ಬಿಟ್ಟು ಬೇರೆ ಏನು ಕೇಳಬೇಕೋ ನನಗೆ ತೋಚುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ವಿಷಯ ಪೂರ್ತಿ ವ್ಯವಹಾರದ್ದು.

ಮೇಟುಪಾಳ್ಯದ ಕೆಳಗೆ ಒಂದು ನೀರಾಟದ ಪಾರ್ಕು ಇದೆಯಲ್ಲ, ಎತ್ತರದಿಂದ ಜಾರುವುದು, ಯಂತ್ರದಿಂದ ಅಲೆ ಎಬ್ಬಿಸುವುದು ಎಲ್ಲ ಇದೆಯಂತೆ. ಈ ರಜೆಗೆ ಕರೆದುಕೊಂಡು ಹೋಗುತ್ತೇನೆಂದು ಮಗಳಿಗೆ ಮಾತು ಕೊಟ್ಟುಬಿಟ್ಟೆ. ಬಸ್‌ಸ್ಟ್ಯಾಂಡಿನ ಹತ್ತಿರ ಟ್ರಾವೆಲ್ಸ್ ಇಟ್ಟಿರುವ ರಂಗನಾಥನ್ ಮೇ ತಿಂಗಳ ಮೊದಲ ಭಾನುವಾರ ಅಲ್ಲಿಗೆ ಎರಡು ವ್ಯಾನು ಬಿಡುತ್ತಾನೆ. ಬೆಳಗಿನ ಜಾವ ಐದಕ್ಕೆ ಹೊರಡುವ ವ್ಯಾನಿಗೆ ಪೂರ್ತಿ ಚಾರ್ಜು. ಎಂಟಕ್ಕೆ ಹೊರಡುವುದಕ್ಕೆ ಒಳ್ಳೆಯ ರಿಯಾಯಿತಿ, ಏಕೆಂದರೆ ಮಧ್ಯಾಹ್ನದ ಮೇಲೆ ಹೋದವರಿಗೆ ಪಾರ್ಕಿನವರು ಟಿಕೆಟ್ಟಿನಲ್ಲೂ ಬಿಡುತ್ತಾರಂತೆ. ನಾನು ಹೊಲಿಗೆಯಲ್ಲಿ ಸಂಪಾದಿಸುವವಳು, ಸಹಜವಾಗಿ ಎಂಟರ ವ್ಯಾನೇ ಎಂದುಕೊಂಡೆ.

ಆದರೆ ಊಟದ ವಿಷಯದಲ್ಲಿ ತೊಡಕಾಯಿತು. ಆ ಪಾರ್ಕಿನೊಳಗೆ ಬುತ್ತಿ ಬಿಡುವುದಿಲ್ಲ. ಸಸ್ಯಾಹಾರದ ಊಟದ ಹಾಲ್ ಒಂದೇ, ಅದರಲ್ಲೂ ಮೊದಲೇ ಹೆಸರು ಕೊಟ್ಟು ಮೇಜು ಹಿಡಿದಿರಬೇಕು. ಮೊದಲ ಪಂಕ್ತಿ ಹನ್ನೊಂದೂವರೆಗೆ, ಎರಡನೆಯದು ಎರಡು ಗಂಟೆಯ ಮೇಲೆ. ರಿಯಾಯಿತಿ ವ್ಯಾನಿನವರಿಗೆ ಸಿಗುವುದು ಎರಡನೆಯದೇ. ಅತ್ತೆ ಮಾತ್ರೆ ನುಂಗಿ ಮಧ್ಯಾಹ್ನದೊಳಗೆ ಉಣ್ಣದಿದ್ದರೆ ಏನಾಗುತ್ತದೆಂದು ನಿಮಗೆ ಗೊತ್ತಿಲ್ಲ, ನೀವು ನೋಡಿಲ್ಲ. ಹೋದ ವರ್ಷ ರೇಷನ್ ಅಂಗಡಿಯ ಸಾಲಿನಲ್ಲಿ ಕೈಕಾಲು ನಡುಗಿ ಕುಸಿದರು. ನಾನೂ ಮಲರ್‌ಕೊಡಿಯೂ, ನನ್ನ ಪಕ್ಕದ ಮೆಷಿನ್ನಿನವಳು, ಎತ್ತಿಕೊಂಡು ಆಟೋ ಹತ್ತಿಸಿದೆವು. ನಿಮಗೆ ಹೇಳಕೂಡದೆಂದು ಅವರೇ ಆಣೆ ಹಾಕಿಸಿಕೊಂಡಿದ್ದರು. ಇವತ್ತು ಮುರಿದೆ.

ಅವರನ್ನು ಮನೆಯಲ್ಲಿ ಬಿಟ್ಟು ಹೋಗಬಹುದಲ್ಲ ಎನ್ನುತ್ತೀರಿ. ಮೊದಲು ಅವರೂ ಹಾಗೇ ಹೇಳಿದರು, "ನಾನೇನು ಮಗೀನಾ, ಆ ನೀರ್‌ನಾಗೆ ಜಾರಾಕೆ?" ಅಂತ. ಮಾರನೆಯ ದಿನ ಮೆಲ್ಲಗೆ ಬಂದು, ಅಲ್ಲಿ ಸೀರೆ ಉಟ್ಟುಕೊಂಡೇ ನೀರಿಗೆ ಇಳಿಯಬಹುದಾ ಎಂದು ಕೇಳಿದರು. ಅವರನ್ನು ಬಿಟ್ಟು ಹೋಗಲು ನನ್ನಿಂದಾಗದು.

ಹೀಗೆ ವಾರವೆಲ್ಲ ತೂಗಿದೆ. ರಿಯಾಯಿತಿ ಹಿಡಿದರೆ ಊಟ ತಪ್ಪುತ್ತದೆ, ಊಟ ಹಿಡಿದರೆ ರಿಯಾಯಿತಿ. ಆಗ ರಂಗನಾಥನ್ ಒಂದು ದಾರಿ ತೋರಿಸಿದ. ಫ್ಯಾಮಿಲಿ ಕೂಪನ್ನು ಅಂತ ಒಂದಿದೆಯಂತೆ. ಒಂದೇ ಮನೆಯ ನಾಲ್ಕು ಜನರಾದರೆ ಐದರ ವ್ಯಾನು, ಮೊದಲ ಪಂಕ್ತಿಯ ಮೇಜು, ಮೇಲೆ ರಿಯಾಯಿತಿ, ಮೂರೂ ಸಿಗುತ್ತವೆ. ಮಲರ್‌ಕೊಡಿಯನ್ನು ನಾಲ್ಕನೆಯವಳಾಗಿ ಸೇರಿಸುತ್ತೇನೆಂದೆ. ಅವನು ಒಪ್ಪಲಿಲ್ಲ. "ಇಲ್ಲೆಕ್ಕಾ, ಫ್ಯಾಮಿಲಿ ಅಂದ್ರೆ ಫ್ಯಾಮಿಲಿ ದಾನ್. ರೇಷನ್ ಕಾರ್ಡ್‌ಲಿ ಪೇರು ಇರ್ಬೇಕು, ನಾಲ್ಕು ಜನಾನೂ ಗೂಡಲೂರ್‌ಲೇ ಒಟ್ಟಿಗೆ ಹತ್ತಬೇಕು" ಎಂದ. ನಮ್ಮ ಕಾರ್ಡು ತೆಗೆದು ನೋಡಿದೆ. ನಿಮ್ಮ ಹೆಸರು ಇನ್ನೂ ಮೊದಲನೆಯದಾಗಿಯೇ ಇದೆ. ನಿಮ್ಮ ಪಾಲಿನ ಸಕ್ಕರೆಯೂ ತಿಂಗಳು ತಿಂಗಳು ಬರುತ್ತಲೇ ಇದೆ. ಈ ಮನೆಯಲ್ಲಿ ಅದನ್ನು ತಿನ್ನುವವರಾದರೂ ಯಾರು ಹೇಳಿ.

ಆದ್ದರಿಂದ ನೀವು ಬರಬೇಕು. ದಾರಿಯಲ್ಲಿ ಎಲ್ಲೋ ಹತ್ತಿಕೊಳ್ಳುತ್ತೇನೆ ಎನ್ನುವ ಹಾಗಿಲ್ಲ. ಐದಕ್ಕೆ ವ್ಯಾನು ಎಂದರೆ ಶನಿವಾರವೇ ಬಂದು ಮನೆಯಲ್ಲಿ ಉಳಿಯಬೇಕು. ಸಂಜೆಯ ಬಸ್ಸು ಹಿಡಿದು, ತೊರಪಳ್ಳಿಯ ಹತ್ತಿರ ಆನೆ ಅಡ್ಡ ನಿಂತಿತ್ತು, ಅದಕ್ಕೇ ಹಿಂದಕ್ಕೆ ಹೋದೆ ಎಂಬ ಕಥೆ ಹೇಳಬೇಡಿ. ಮಧ್ಯಾಹ್ನದ ಬಸ್ಸಿಗೇ ಬನ್ನಿ. ಮಲಗುವ ಚಿಂತೆ ಬೇಡ. ನಿಮ್ಮ ಮಂಚ ಇದ್ದಲ್ಲೇ ಇದೆ, ಮೇಲೆ ಹೊಲಿಯುವ ಬಟ್ಟೆಗಳನ್ನು ಪೇರಿಸಿದ್ದೇನೆ, ತೆಗೆಯುತ್ತೇನೆ.

ವ್ಯವಹಾರ ಇಲ್ಲಿಗೆ ಮುಗಿಯಿತು. ಇನ್ನು ಬರೆಯುವುದನ್ನು ಓದಲೇಬೇಕೆಂದಿಲ್ಲ.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ನಮ್ಮದು ಉಂಡದ್ದರಿಂದಲೇ ಶುರುವಾಯಿತು, ಹಾಗಾಗಿ ಅದಕ್ಕೆ ಕೊನೆ ಎಲ್ಲಿಯೆಂದು ಇಬ್ಬರಿಗೂ ತಿಳಿಯಲಿಲ್ಲ. ಆ ದಿನ ಮದುವೆಯ ರವಿಕೆಗಳನ್ನು ಬೆಳಗಿನಿಂದ ಹೊಲಿದಿದ್ದೆ. ಹಸಿವಾಗಿತ್ತು, ನೀವು ಬರುವ ಮೊದಲೇ ಉಂಡೆ. ನೀವು ಬಂದು ತೊಳೆದಿಟ್ಟ ತಟ್ಟೆ ನೋಡಿದಿರಿ. "ಗಂಡ ಬರೋಕ್ ಮುಂಚೆ ಉಂಡು ಕೈ ತೊಳಿಯೋ ಮನೇಲಿ ನಂಗೇನು ಕೆಲಸ" ಎಂದು ಅತ್ತೆಗೆ ಹೇಳಿದಿರಿ, ನನಗೆ ಕೇಳಲೆಂದೇ. ಹೊಲಿಗೆ ಬಿಡು ಎಂದಿರಿ, ಬಿಡಲಿಲ್ಲ. ಮಂಡಿಯಲ್ಲಿ ಅಣ್ಣನಿಗೆ ಕೈ ಸಾಲದು, ಎರಡು ತಿಂಗಳು ಹೋಗಿ ಬರುತ್ತೇನೆಂದು ಹೊರಟಿರಿ. ಎರಡು ವರ್ಷವಾಯಿತು. ಉಂಡದ್ದು ತಪ್ಪೆಂದು ನನಗೆ ಇವತ್ತಿಗೂ ಅನ್ನಿಸಿಲ್ಲ. ಅದಕ್ಕಾಗಿ ಕ್ಷಮೆ ಕೇಳುವ ಕಾಗದ ಇದಲ್ಲ.

ಆದರೆ ಪಾರ್ಕಿನ ಜಾಹೀರಾತಿನ ಚೀಟಿಯಲ್ಲಿ ಆ ಊಟದ ಹಾಲ್‌ನ ಫೋಟೋ ನೋಡಿದಾಗಿನಿಂದ ಮನಸ್ಸು ಒಂದು ಥರ ಆಗಿದೆ. ಒಂದು ಮೇಜು, ನಾಲ್ಕು ಕುರ್ಚಿ, ಬಡಿಸಲು ಬೇರೆ ಜನ. ನಿಮ್ಮ ಮನೆಗೆ ಬಂದ ಮೇಲೆ ನಾನು ನಿಮ್ಮ ಜೊತೆ ಕೂತು ಒಂದು ತುತ್ತು ಉಂಡದ್ದಿಲ್ಲ. ಗಂಡಸರದಾಗಬೇಕು, ಆಮೇಲೆ ನಾವು. ನಿಂತು ಬಡಿಸುವವಳಿಗೆ ನಿಮ್ಮ ನೆತ್ತಿ ಕಾಣುತ್ತಿತ್ತೇ ಹೊರತು ಮುಖವಲ್ಲ. ಸಾರು ರುಚಿಯಾಗಿತ್ತೋ ಇಲ್ಲವೋ ಎಂಬುದನ್ನು ನೀವು ತಟ್ಟೆಯಲ್ಲಿ ಬಿಟ್ಟದ್ದನ್ನು ನೋಡಿ ತಿಳಿಯಬೇಕಿತ್ತು. ಒಂದು ಸಲ ನಿಮ್ಮ ಎದುರು ಕೂತು, ಬೇರೆ ಯಾರೋ ನಮ್ಮಿಬ್ಬರಿಗೂ ಅನ್ನ ಹಾಕುವುದನ್ನು ನೋಡಬೇಕೆಂದು ಆಸೆಯಾಗಿದೆ. ಅತ್ತೆಗೂ ಇದನ್ನು ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ, "ನಾನೂ ನಿಮ್ಮ ಮಾವನ ಜತೇಲಿ ಒಂದ್ ದಿನಾನೂ ಕೂತ್ಕಂಡು ಉಣ್ಣನಿಲ್ಲ ಕಣವ್ವ" ಎಂದರು. ಅವರಿಗೆ ಅದು ಬೇಕಿತ್ತೆಂದು ನನಗೆ ಗೊತ್ತೇ ಇರಲಿಲ್ಲ.

ಮಗಳ ವಿಷಯ. ನೀವು ದೀಪಾವಳಿಗೆ ಬಂದು, ಜಗಲಿಯ ಬೆಂಚಿನ ಮೇಲೆ ಕಾಫಿ ಕುಡಿದು, ಹಾಗೇ ಬಸ್ಸು ಹತ್ತಿದಿರಲ್ಲ. ಅಪ್ಪನನ್ನು ಪಾರ್ಕಿಗೆ ಕರೆಯೋಣವಾ ಎಂದು ಕೇಳಿದ್ದಕ್ಕೆ ಅವಳು ಕುಣಿಯಲಿಲ್ಲ. "ಬಂದ್ರೆ ಒಳಗೆ ಬರ್ತಾರಾ, ಜಗಲೀಲೇ ಕೂತ್ಕೋತಾರಾ?" ಎಂದು ಕೇಳಿದಳು. ಅದಕ್ಕೆ ಉತ್ತರ ಕೊಡಬೇಕಾದವರು ನೀವು.

ಬಂದ ಮಾತ್ರಕ್ಕೆ ಎಲ್ಲ ಸರಿಹೋಗುತ್ತದೆಂದು ನಾನು ತಿಳಿದಿಲ್ಲ. ಮೆಷಿನ್ನು ಬಿಡುವುದಿಲ್ಲ, ಹಸಿವಾದರೆ ಕಾಯುವುದೂ ಇಲ್ಲ. ಇದನ್ನು ತಿಳಿದೂ ಬರುವುದಾದರೆ ಬನ್ನಿ. ಬರಲಾಗದಿದ್ದರೆ ಒಂದು ಕಾರ್ಡು ಹಾಕಿ, ರೂಪಾಗೆ ಮೊದಲೇ ಹೇಳಿಬಿಡುತ್ತೇನೆ. ಕಾಯಿಸಿ ಹೇಳುವುದು ಬೇಡ.

ಬಿಸಿಲಿನಲ್ಲಿ ಮೂಟೆಗಳ ನಡುವೆ ಇರುತ್ತೀರಿ, ನೀರು ಹೆಚ್ಚು ಕುಡಿಯಿರಿ.

ಇಂತಿ,
ಶೋಭಾರಾಣಿ

ತಾ.ಕ.: ಲಕೋಟೆಗೆ ಅಂಟು ಹಚ್ಚುವ ಮುಂಚೆ ಒಂದು ಮಾತು. ಆ ಫ್ಯಾಮಿಲಿ ಕೂಪನ್ನಿನ ಅವಧಿ ಹೋದ ಶನಿವಾರವೇ ಮುಗಿದಿತ್ತು. ಹೋಗಲೋ ಬೇಡವೋ ಎಂದು ಯೋಚಿಸಿ ನಾನು ದುಡ್ಡು ಕಟ್ಟಲು ಹೋದದ್ದು ಸೋಮವಾರ. ಇನ್ನು ನಾಲ್ಕನೆಯವರು ಬಂದರೂ ಬಿಟ್ಟರೂ ತಲೆಗೆ ಅದೇ ಪೂರ್ತಿ ಚಾರ್ಜು, ಮೂರೇ ಬರೆಯಲಾ ಅಕ್ಕಾ ಎಂದು ರಂಗನಾಥನ್ ಕೇಳಿದ. ಬೇಡ, ನಾಲ್ಕೇ ಬರೆಯಿರಿ ಎಂದೆ.